ಬಿಸಿ ಆರುವ ಮುಂಚೆ

ನಮ್ಮೂರಿನಲ್ಲಿ ಬಟ್ಟೆ ಇಸ್ತ್ರಿ ಮಾಡುವವನಿಗೆ ಓದು ಬರಬಾರದು. ಕಾಯ್ದೆಯೇನಲ್ಲ, ಯಾವ ಗೋಡೆಯ ಮೇಲೂ ಬರೆದಿಲ್ಲ. ಆದರೂ ನಮ್ಮಪ್ಪನಿಗೆ ಬರುತ್ತಿರಲಿಲ್ಲ, ಅಜ್ಜನಿಗೂ ಬರುತ್ತಿರಲಿಲ್ಲ. ನನಗೆ ಬರತೊಡಗಿದ ವರ್ಷವೇ ನನ್ನನ್ನು ಶಾಲೆಯಿಂದ ಎಬ್ಬಿಸಿದರು. ಮೂರನೇ ಇಯತ್ತೆ, ಏಳನೇ ಪಾಠ, ನವಿಲಿನದು. ನವಿಲು ಮೋಡ ನೋಡಿ ಕತ್ತು ಎತ್ತಿತ್ತು, ಇನ್ನೇನು ಗರಿ ಬಿಚ್ಚಬೇಕು, ಅಷ್ಟರಲ್ಲಿ ಪಾಠ ಹೇಳುವ ಇಂದುಮತಿ ಅಕ್ಕೋರು ನನ್ನ ಕೈಯಿಂದ ಬರೆಯುವ ಪಾಟಿ ತೆಗೆದುಕೊಂಡರು. "ಸಾಕಪ್ಪಾ ಮಾಚಾ, ನಿಮ್ಮಪ್ಪನ ಕೈ ನಡುಗಾಕತ್ತಾವು. ಇನ್ನ ನೀ ಇಸ್ತ್ರಿ ಪೆಟ್ಟಿಗಿ ಹಿಡಿ" ಅಂದರು. ಕಸಿದುಕೊಳ್ಳಲಿಲ್ಲ, ಮೆಲ್ಲಗೆ ತೆಗೆದುಕೊಂಡರು. ಕಸಿದಿದ್ದರೆ ಮರೆಯುತ್ತಿದ್ದೆನೋ ಏನೋ. ಆ ಮೆಲ್ಲಗೆ ಅನ್ನುವುದಕ್ಕೇ ನನಗೆ ಸಿಟ್ಟು.

ದಿನಕ್ಕೆ ಎರಡು ಸಲ, ಬೆಳಿಗ್ಗೆ ಹತ್ತಕ್ಕೆ ಮತ್ತು ಸಂಜೆ ನಾಲ್ಕಕ್ಕೆ, ಗುಡ್ಡದ ಕಡೆಯಿಂದ ಊರಗಾಳಿ ಇಳಿಯುತ್ತದೆ. ಮೊದಲು ಹುಣಸೆಯ ಎಲೆ ಅಲುಗುತ್ತದೆ, ಆಮೇಲೆ ನಾಯಿಗಳು ಮೂತಿ ಎತ್ತುತ್ತವೆ, ಆಮೇಲೆ ಎಲ್ಲರ ಫೋನಿನಲ್ಲೂ ‘ಊರಗಾಳಿ’ ಎಂಬ ಹೆಸರು ಮೂಡುತ್ತದೆ. ಬೇರೆ ಊರುಗಳಲ್ಲಿ ಇದಕ್ಕೆ ವೈಫೈ ಅನ್ನುತ್ತಾರಂತೆ. ಅನ್ನಲಿ. ನಮ್ಮಲ್ಲಿ ಅದಕ್ಕೆ ಬೀಗವಿಲ್ಲ, ಬಾಡಿಗೆಯಿಲ್ಲ, ಬೀದಿಗೆ ಬಂದು ನಿಂತರೆ ಸಾಕು. ಹೊಳೆಯಲ್ಲಿ ಎದೆಮಟ್ಟ ಇಳಿದವರ ಹಾಗೆ ಜನ ನಿಂತಿರುತ್ತಾರೆ, ಸೆರಗು ಧೋತರ ಮೆಲ್ಲಗೆ ತೇಲುತ್ತಿರುತ್ತವೆ, ಬೆರಳುಗಳು ಮಾತ್ರ ಆಡುತ್ತಿರುತ್ತವೆ. ಅವರು ಬರೆದದ್ದು ಗಾಳಿ ಹಿಡಿದು ಹೋಗುವಾಗ ದಾರಿಯಲ್ಲಿ ಒಣಹಾಕಿದ ಹಸಿ ಬಟ್ಟೆಗೆ ತಾಗುತ್ತದೆ, ತಾಗಿದಲ್ಲಿ ಒಂದಷ್ಟು ಉಳಿಯುತ್ತದೆ. ಯಾರ ಮಾತು ಯಾರ ಬಟ್ಟೆಗೆ ಅಂತಿಲ್ಲ. ಬರಿಗಣ್ಣಿಗೆ ಕಾಣುವುದೂ ಇಲ್ಲ. ಕೆಂಡದ ಪೆಟ್ಟಿಗೆ ಇಟ್ಟು ಎಳೆದಾಗ ಮಾತ್ರ ಹಬೆಯ ಜೊತೆ ಮಸುಕು ನೀಲಿ ಅಕ್ಷರಗಳು ಏಳುತ್ತವೆ. ಬಿಸಿ ಆರುವ ತನಕ ಇರುತ್ತವೆ, ಆರಿದ ಮೇಲೆ ಇಲ್ಲ. ಅಜ್ಜನ ಕಾಲದಲ್ಲಿ ಫೋನ್ ಇರಲಿಲ್ಲವಂತೆ, ಜನ ಗಾಳಿಗೇ ಬಾಯಿಟ್ಟು ಹೇಳಿ ಕಳಿಸುತ್ತಿದ್ದರಂತೆ. ಅಕ್ಷರಗಳು ಆಗಲೂ ಏಳುತ್ತಿದ್ದವಂತೆ.

ಅದಕ್ಕೇ ನನ್ನ ಗಾಡಿ ಬೇವಿನ ಕೆಳಗೆ ಗೋಡೆಗೆ ಮುಖ ಮಾಡಿ ನಿಂತಿರುತ್ತಿತ್ತು. ಬಟ್ಟೆ ತಂದವರು ಪೆಟ್ಟಿಗೆಯ ಸದ್ದು ಕೇಳಿದ ಕೂಡಲೇ ನನಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಮನೆಯೊಳಗೆ ಒಣಹಾಕಿ ನೋಡಿದವರೂ ಇದ್ದರು, ಮುಗ್ಗಲು ವಾಸನೆ ತಾಳಲಾರದೆ ಮತ್ತೆ ಅಂಗಳಕ್ಕೇ ಹಗ್ಗ ಕಟ್ಟಿದರು. ಉಳಿದದ್ದಕ್ಕೆ ಜನ ತಾವೇ ದಾರಿ ಕಂಡುಕೊಂಡಿದ್ದರು. ಪ್ರೀತಿಸುವವರು ಒಬ್ಬರಿಗೊಬ್ಬರು ಪ್ರೀತಿಯ ಬದಲು ಉಪ್ಪಿನಕಾಯಿ ಹಾಕುವ ವಿಧಾನ ಬರೆಯುತ್ತಿದ್ದರು. ಗಿರಣಿ ಶಂಕ್ರೆಪ್ಪ ತನ್ನ ಮೂಲವ್ಯಾಧಿಯ ಬಗ್ಗೆ ಡಾಕ್ಟರಿಗೆ ಬರೆಯುವಾಗ ‘ನಮ್ಮ ಎಮ್ಮೆಗೆ ಕೂಡಲಿಕ್ಕೆ ಆಗುತ್ತಿಲ್ಲ’ ಅಂತ ಬರೆಯುತ್ತಿದ್ದ. ಪಾಸ್‌ವರ್ಡ್ ಬೇಕಾಗುವ ಕೆಲಸಕ್ಕೆ ಮಾತ್ರ ಯಾರೂ ಊರಗಾಳಿ ಮುಟ್ಟುತ್ತಿರಲಿಲ್ಲ. ಹಳ್ಳ ದಾಟಿ ಒಂದೂವರೆ ತಾಸು ನಡೆದರೆ ಇನ್ನೊಂದು ಊರು, ಅಲ್ಲಿ ನೆಲದೊಳಗಿನ ವಯರಿನ ಆಫೀಸು, ಗಾಜಿನ ಕೋಣೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಕಳಿಸಿ ಬರುತ್ತಿದ್ದರು.

ಹಾಗೆ ಕಲಿಸಿದವರು ಇಂದುಮತಿ ಅಕ್ಕೋರೇ. "ಊರಗಾಳ್ಯಾಗ ಹಾಡು ಕಳಸ್ರಿ, ಹಬ್ಬದ ಶುಭಾಶಯ ಕಳಸ್ರಿ. ಪಾಸ್‌ವರ್ಡು, ಹೆಬ್ಬೆಟ್ಟು, ಮನಿ ಪತ್ರ ಕಳಸಬ್ಯಾಡ್ರಿ. ಬಸ್‌ಸ್ಟ್ಯಾಂಡಿನ್ಯಾಗ ಟ್ರಂಕ್ ತಗದು ಒಳಗಿಂದೆಲ್ಲ ಹರವಿ ಕುಂಡ್ರತೀರೇನು?" ಅನ್ನುತ್ತಿದ್ದರು. ನುಡಿದಂತೆ ನಡೆಯುವ ಹೆಂಗಸು. ನಾನು ಪೆಟ್ಟಿಗೆ ಹಿಡಿದ ಹದಿನಾರು ವರ್ಷದಲ್ಲಿ ಅವರದೊಂದು ಅಕ್ಷರವೂ ಯಾರ ಬಟ್ಟೆಯ ಮೇಲೂ ನನಗೆ ಸಿಗಲಿಲ್ಲ. ಹುಡುಕಿದ್ದೇನೆ.

ಹೌದು, ಹುಡುಕಿದ್ದೇನೆ. ನನಗೆ ಓದು ಬರುತ್ತದೆ. ಅಕ್ಷರ ದಿನಾ ಬಂದು ಕೈಕೆಳಗೆ ನಿಂತರೆ ಎಷ್ಟು ದಿನ ಪರಕೀಯವಾಗಿ ಉಳಿದೀತು? ‘ಪ್ರೀತಿ’ ಕಲಿತದ್ದು ಯಾರದೋ ದಿಂಬಿನ ಚೀಲದ ಮೇಲೆ. ‘ತೀರಿಕೊಂಡರು’ ಕಲಿತದ್ದು ಒಂದು ಮದುವೆಯ ಪಂಚೆಯ ಮೇಲೆ. ಊರಿನವರು ನನಗೆ ಬೆನ್ನು ಹಾಕಿ ನಿಂತು ನನಗೆ ಶಾಲೆ ನಡೆಸಿದರು, ಅವರಿಗೇ ಗೊತ್ತಿಲ್ಲದೆ. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಮರುದಿನ ಗಾಡಿಯ ಮುಂದೆ ಒಂದು ಕರವಸ್ತ್ರವೂ ಬರುವುದಿಲ್ಲ. ನನಗೆ ಬೇರೆ ಕೆಲಸ ಗೊತ್ತಿಲ್ಲ. ಗೊತ್ತಾಗದ ಹಾಗೆ ಅವರೇ ನೋಡಿಕೊಂಡಿದ್ದಾರೆ.

ಈ ಸಲ ಯುಗಾದಿ ಕಳೆದು ಎಂಟು ದಿನಕ್ಕೆ ಫೋನುಗಳಲ್ಲಿ ಎರಡು ಊರಗಾಳಿ ಮೂಡಿದವು. ಒಂದೇ ಹೆಸರು. ಹಳೆಯದು ಎರಡು ಕಡ್ಡಿಯಷ್ಟು, ಹೊಸದು ಐದು ಕಡ್ಡಿ ತುಂಬ. ಹತ್ತಕ್ಕೂ ಇತ್ತು, ಹನ್ನೆರಡಕ್ಕೂ ಇತ್ತು, ನಾಲ್ಕಕ್ಕೂ ಇತ್ತು. ಹುಣಸೆಯ ಎಲೆ ಅಲುಗುತ್ತಿರಲಿಲ್ಲ, ನಾಯಿಗಳು ಮಲಗಿಯೇ ಇರುತ್ತಿದ್ದವು, ಆದರೂ ಗಾಳಿ ಇತ್ತು.

"ಎರಡ್ಯಾಕ ಬಂದಾವೋ?" ಅಂತ ಬಳೆ ಮಾರುವ ಬೀಬಿಜಾನ್ ಚಾಚಿ ಕೇಳಿದಳು.

"ಅವಳಿ ಹಡದಿರಬೇಕು ಗುಡ್ಡ," ಅಂದ ಶಂಕ್ರೆಪ್ಪ. "ದಪ್ಪಂದು ಹಿಡಿ ಚಾಚಿ, ಸಣಕಲದ್ದು ತಗೊಂಡೇನ ಮಾಡ್ತಿ?"

ಎಲ್ಲರೂ ದಪ್ಪಗಿರುವುದನ್ನೇ ಹಿಡಿದರು. ಅದಾಗಿ ಮೂರನೆಯ ದಿನ ನನ್ನ ಪೆಟ್ಟಿಗೆಯ ಕೆಳಗೆ ಅಕ್ಷರಗಳು ನಿಂತುಹೋದವು. ಮೊದಲು ಕೆಂಡ ಆರಿದೆ ಅಂದುಕೊಂಡೆ. ಇದ್ದಿಲು ಹಾಕಿ ಊದಿದೆ. ಅಂಗಿ ಎಳೆದೆ, ಲಂಗ ಎಳೆದೆ, ಚಾದರ ಎಳೆದೆ. ಹಬೆ ಎದ್ದಿತು, ಬರೀ ಹಬೆ. ಊರು ನನ್ನೊಡನೆ ಮಾತು ಬಿಟ್ಟ ಹಾಗಾಯಿತು.

"ಮಾಚಾ, ಬಟ್ಟಿ ಮ್ಯಾಲೆ ಏನರೆ ಏಳಾಕತ್ತಾವೇನೋ?" ಅಂತ ಶಂಕ್ರೆಪ್ಪ ಬೆನ್ನು ಹಾಕಿಕೊಂಡೇ ಕೇಳಿದ.

"ಇಲ್ರಿ, ಏನೂ ಏಳವಲ್ಲವು," ಅಂದೆ. ಖರೇ ಮಾತು. ಓದು ಬಾರದವನು ಹೇಳಿದ ಮಾತು, ಹಾಗಾಗಿ ಇನ್ನೂ ಖರೇ. ನನ್ನ ಆ ಒಂದು ‘ಇಲ್ರಿ’ ಊರಿಗೆ ಮೊಹರಾಯಿತು. ಬಟ್ಟೆ ಸ್ವಚ್ಛ, ಅಂದರೆ ಗಾಳಿ ಸ್ವಚ್ಛ. ಜನ ಹತ್ತು ಗಂಟೆಗೇ ಧೈರ್ಯವಾಗಿ ಬಟ್ಟೆ ಹರವಿದರು. ಉಪ್ಪಿನಕಾಯಿ ಬಿಟ್ಟು ನೇರವಾಗಿ ಪ್ರೀತಿ ಬರೆದರು. ಶಂಕ್ರೆಪ್ಪ ಎಮ್ಮೆಯನ್ನು ಬಿಡುಗಡೆ ಮಾಡಿದ. ಹೊಸಿಲ ಮೇಲೆ ಕೂತು ಪಾಸ್‌ವರ್ಡ್ ಕಳಿಸಿದರು. ಗಾಜಿನ ಕೋಣೆಯ ದಾರಿಯಲ್ಲಿ ಹುಲ್ಲು ಬೆಳೆಯಿತು.

ಆಗಲೇ ಸರ್ಕಾರದಿಂದ ಮನೆಗಳ ಹುಕುಂ ಬಂತು. ಮನೆ ಇದ್ದವರೆಲ್ಲ ಮನೆ ತಮ್ಮದೇ ಅಂತ ಹೊಸದಾಗಿ ಬರೆಸಬೇಕು. ಗುರುವಾರ ಪಾಸ್‌ವರ್ಡ್ ಕಳಿಸಬೇಕು, ಸೋಮವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರೊಳಗೆ ಫೋನಿನ ಮೇಲೆ ಹೆಬ್ಬೆಟ್ಟು. ಎರಡೂ ಸೇರಿದರೆ ಮನೆ ಗಟ್ಟಿ.

ಗುರುವಾರ ಅಕ್ಕೋರು ಗಾಡಿಯ ಹತ್ತಿರ ಬಂದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಫೋನಿನ ಅಕ್ಷರಗಳನ್ನು ಕುಂಬಳಕಾಯಿಯಷ್ಟು ದೊಡ್ಡದು ಮಾಡಿಕೊಂಡು ಮೂಗಿಗೆ ಹಚ್ಚಿ ನೋಡುತ್ತಿದ್ದರು.

"ಖರೇ ಹೇಳು ಮಾಚಾ. ಏನೂ ಏಳವಲ್ಲವು?"

"ಏನೂ ಇಲ್ರಿ ಅಕ್ಕೋರ."

"ಹಂಗಾರ ನಾನೂ ಇಲ್ಲಿಂದನ ಕಳಸ್ತೇನಿ. ಹಳ್ಳ ದಾಟಾಕ ಕಣ್ಣು ಸಾಲವಲ್ಲವು." ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡರು. "ಮನಿ ನನ್ನ ಹೆಸರಿಗೆ ಗಟ್ಟಿ ಆತಂದ್ರ, ಓದೋ ಕೋಣಿ ಮಾಡಾಕ ಬರದು ಕೊಡಬೇಕಂತ ಮಾಡೇನಿ. ಊರ ಹುಡುಗ್ರಿಗೆ."

ಊರ ಹುಡುಗರಿಗೆ. ನಾನು ಯಾವ ಊರಿನವನು ಅಂತ ಕೇಳಬೇಕೆನಿಸಿತು. ಅವರದೇ ಸೀರೆಯ ಮೇಲೆ ಪೆಟ್ಟಿಗೆಯನ್ನು ಎಷ್ಟು ಒತ್ತಿ ಎಳೆದೆನೆಂದರೆ ಗಾಡಿಯ ಕಾಲು ಕೀರಲು ದನಿ ತೆಗೆಯಿತು.

ಸೋಮವಾರ ಎಂಟು ಗಂಟೆಗೆ ಲಾಡ್ಜಿನ ಮನುಷ್ಯ ಬಂದ. ಯುಗಾದಿಯ ಸುತ್ತಮುತ್ತ ಬಂದು ಮೇಲಿನ ಮಾಳಿಗೆಯ ಕೋಣೆ ಹಿಡಿದಿದ್ದ. ಯಾರಿಗೂ ಅವನ ಹೆಸರು ಗೊತ್ತಿರಲಿಲ್ಲ. ನಗುಮುಖ, ಸಣ್ಣ ಹಲ್ಲು. ಸುತ್ತಿದ ಒಂದು ಬಿಳಿ ಅಂಗಿ ಕೊಟ್ಟ.

"ನಿನಗೆ ಓದೋಕೆ ಬರಲ್ವಂತೆ, ಹೌದಾ?"

"ಇಲ್ರಿ."

"ಒಳ್ಳೇದಾಯ್ತು ಬಿಡು. ಹತ್ತಕ್ಕೆ ಬೇಕು, ಇವತ್ತು ಸ್ವಲ್ಪ ಕೆಲಸ ಇದೆ," ಅಂದು ಎಲ್ಲರ ಹಾಗೆ ಬೆನ್ನನ್ನೂ ಹಾಕದೆ ಹೊರಟುಹೋದ. ಅಂಗಿ ಇನ್ನೂ ಹಸಿಯಿತ್ತು. ತನ್ನ ಕೋಣೆಯ ಕಿಟಕಿಗೇ ಒಣಹಾಕಿರಬೇಕು.

ಪೆಟ್ಟಿಗೆ ಇಟ್ಟೆ. ತೋಳಿನ ಮೇಲೆ ಒಂದು ಸಾಲು ಎದ್ದಿತು, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಬೆನ್ನಿಗೆ ಎಳೆದೆ. ಬಿಳಿ ಅಂಗಿ ಕಡುನೀಲಿಗೆ ತಿರುಗಿತು. ಹದಿನೈದು ದಿನದಿಂದ ನನ್ನ ಕೈಗೆ ಬಾರದೆ ಇದ್ದ ಊರಷ್ಟೂ ಅಲ್ಲಿತ್ತು. ಯಾರದೋ ಪ್ರೀತಿ, ಯಾರದೋ ಜ್ವರ, ಶಂಕ್ರೆಪ್ಪನ ಮೂಲವ್ಯಾಧಿ ಎಮ್ಮೆಯಿಲ್ಲದೆ ಬರಿಮೈಯಲ್ಲಿ. ಚಾಚಿಯ ಪಾಸ್‌ವರ್ಡ್. ಎಲ್ಲರ ಪಾಸ್‌ವರ್ಡ್, ಹೆಸರಿನ ಮುಂದೆ ಹೆಸರಿನ ಮುಂದೆ, ಇರುವೆ ಸಾಲಿನ ಹಾಗೆ. ಜೇಬಿನ ಮೇಲೆ ಅವನು ತನ್ನ ಜೊತೆಯವರಿಗೆ ಬರೆದದ್ದು: ‘ಹತ್ತಕ್ಕೆ ಹೆಬ್ಬೆಟ್ಟುಗಳು ಬರುತ್ತವೆ. ಬಂದ ಹಾಗೆ ಮನೆಗಳನ್ನು ನಮ್ಮ ಹೆಸರಿಗೆ ತಿರುಗಿಸಿ. ಮೊದಲು ಟೀಚರಮ್ಮನದು, ಮೂಲೆ ಮನೆ, ಜಾಗ ದೊಡ್ಡದು.’

ಎರಡನೇ ಊರಗಾಳಿ ಊರಿನದಾಗಿರಲಿಲ್ಲ. ಮಾತುಗಳು ಬಟ್ಟೆಗೆ ಅಂಟದೆ ಹೋದದ್ದು ಗಾಳಿ ಸ್ವಚ್ಛವಿತ್ತು ಅಂತಲ್ಲ. ಎಲ್ಲ ಒಬ್ಬನ ಕಿಟಕಿಗೇ ಹೋಗುತ್ತಿದ್ದವು.

ಹೋಗಲಿ ಅಂದುಕೊಂಡೆ. ಸುಳ್ಳು ಹೇಳುವುದಿಲ್ಲ, ಮೊದಲು ಅಂದುಕೊಂಡದ್ದು ಅದೇ. ಓದು ಬಾರದವನು ಬೇಕಾಗಿತ್ತಲ್ಲ ಇವರಿಗೆ, ತಗೊಳ್ಳಲಿ. ಅಂಗಿ ಮಡಚಿ ಕೊಟ್ಟು ಸುಮ್ಮನೆ ಕೂತರೆ ನನ್ನ ಗಾಡಿ ನನ್ನದೇ, ಮನೆ ಹೋದ ಜನಕ್ಕೂ ಬಟ್ಟೆ ಇಸ್ತ್ರಿ ಬೇಕೇ ಬೇಕು. ಹಾಗೆ ಅಂದುಕೊಳ್ಳುತ್ತಲೇ ಕಾಲರಿಗೆ ಪೆಟ್ಟಿಗೆ ಒತ್ತಿದೆ. ಅಲ್ಲಿ ಎದ್ದಿತು: ‘ಇಂದುಮತಿ. ಮಾಚನಪಾಟಿ೨೩.’

ಇಪ್ಪತ್ತಮೂರು ನನ್ನ ಹಾಜರಿ ನಂಬರು.

ಎಷ್ಟು ಹೊತ್ತು ನೋಡಿದೆನೋ, ಅಕ್ಷರ ಆರಿ ಬಟ್ಟೆ ಬಿಳಿಯಾಯಿತು. ಮತ್ತೆ ಒತ್ತಿದೆ, ಮತ್ತೆ ಎದ್ದಿತು. ಹದಿನಾರು ವರ್ಷ ಊರವರೆಲ್ಲರ ಬಟ್ಟೆಯಲ್ಲಿ ಹುಡುಕಿದವನ ಕೈಗೆ ಕೊನೆಗೆ ಸಿಕ್ಕದ್ದು ಇದು. ಯಾರೂ ಊಹಿಸಲಾರದ ಒಂದು ಹೆಸರು ಬೇಕಾದಾಗ ಅವರಿಗೆ ಹೊಳೆದದ್ದು ನನ್ನದು. ಸಿಟ್ಟು ಕಡಿಮೆಯಾಗಲಿಲ್ಲ. ಸಿಟ್ಟಿಗೆ ನಿಲ್ಲಲು ಜಾಗ ಸಿಗದ ಹಾಗಾಯಿತು, ಅಷ್ಟೇ.

ಗಾಡಿ ತಳ್ಳಿಕೊಂಡು ಮೂಲೆ ಮನೆಗೆ ಹೋದೆ. ಅಕ್ಕೋರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಡಿಲಲ್ಲಿ ಫೋನು. ಹೆಬ್ಬೆರಳನ್ನು ಸೆರಗಿನಿಂದ ಒರೆಸಿ ಒರೆಸಿ ಸಿದ್ಧ ಮಾಡಿಕೊಳ್ಳುತ್ತಿದ್ದರು.

"ಯಾರು?"

"ಮಾಚ ರೀ."

"ಗಾಡಿ ಯಾಕ ತಂದೀಯೋ? ನಾ ಬಟ್ಟಿ ಕೊಟ್ಟಿಲ್ಲಲ್ಲ."

"ಹೆಬ್ಬೆಟ್ಟು ಒತ್ತಬ್ಯಾಡ್ರಿ ಅಕ್ಕೋರ. ಎರಡನೇ ಗಾಳಿ ನಮ್ಮದಲ್ಲ. ಲಾಡ್ಜಿನ್ಯಾಗ ಇಳದಾನಲ್ಲ, ಆ ಮನಷ್ಯಾಂದು. ನಮ್ಮ ಹೆಸರ ಇಟ್ಟಾನ. ಎಲ್ಲಾರ ಮಾತು ಅವನ ಅಂಗಿಗೆ ಹೊಂಟಾವು."

"ನಿನಗ ಹೆಂಗ ಗೊತ್ತು?"

ಅಂಗಿ ಹರವಿ ಪೆಟ್ಟಿಗೆ ಎಳೆದೆ. ಅಕ್ಕೋರು ಎದ್ದು ಬಂದು, ಜೀವಮಾನದಲ್ಲಿ ಮೊದಲ ಸಲ, ನನ್ನ ಗಾಡಿಗೆ ಮುಖ ಮಾಡಿ ನಿಂತರು. ಹಬೆಯೊಳಗೆ ಮೂಗು ಇಟ್ಟರು.

"ನೀಲಿ ಮಬ್ಬು ಕಾಣತೈತಿ. ಏನ ಬರದೈತಿ ಅಂತ ತಿಳಿವಲ್ದು. ಯಾರು ಓದಿ ಹೇಳಿದ್ರು ನಿನಗ?"

ಬಿಸಿ ಆರುತ್ತಿತ್ತು. ಕಾಲರಿಗೆ ಬೆರಳಿಟ್ಟೆ. "ಇಂದುಮತಿ," ಅಂತ ಓದಿದೆ. "ಮಾಚನಪಾಟಿ ಇಪ್ಪತ್ತಮೂರು."

ಹದಿನಾರು ವರ್ಷದ ಮೇಲೆ ನಾನು ಬಾಯಿಬಿಟ್ಟು ಓದಿದ ಮಾತಿನಲ್ಲಿ ನನ್ನದೇ ಹೆಸರಿತ್ತು. ಅಕ್ಕೋರು ಗಾಡಿಯ ಅಂಚು ಹಿಡಿದುಕೊಂಡರು. ತರಗತಿಯಲ್ಲಿ ಹೇಳುತ್ತಿದ್ದ ಅದೇ ದನಿಯಲ್ಲಿ, "ಇನ್ನೊಮ್ಮೆ ಓದು" ಅಂದರು. ಪೆಟ್ಟಿಗೆ ಒತ್ತಿ ಇನ್ನೊಮ್ಮೆ ಓದಿದೆ.

"ಪಾಟಿ ಇನ್ನೂ ಟ್ರಂಕಿನ್ಯಾಗ ಐತಿ, ಮಾಚಾ."

"ಇಟ್ಕೋರಿ. ನನಗ ಬ್ಯಾಡ."

ಅವರು ತಲೆಯಾಡಿಸಿದರು. ಆಮೇಲೆ ದನಿ ತಗ್ಗಿಸಿ, "ನಾನ ಕಣ್ಣಾರೆ ನೋಡಿದೆ ಅಂತ ಊರಿಗೆ ಹೇಳತೇನಿ. ನೀ ಬಾಯಿ ಬಿಡಬ್ಯಾಡ. ನಿನ್ನ ಕೆಲಸ ಉಳೀಲಿ" ಅಂದರು.

"ನಿಮ್ಮ ಕಣ್ಣಿನ ಸುದ್ದಿ ಊರಿಗೆಲ್ಲ ಗೊತ್ತೈತ್ರಿ, ಯಾರ ನಂಬ್ತಾರ?" ಅಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ. "ಮತ್ತ ಎರಡನೇ ಸಲ ನನ್ನ ಬಾಯಿ ಮುಚ್ಚಸಬ್ಯಾಡ್ರಿ ಅಕ್ಕೋರ. ಅಷ್ಟ ಮೆಲ್ಲಗ ಮುಚ್ಚಸಬ್ಯಾಡ್ರಿ."

ಅವರು ಗಾಡಿಯ ಇನ್ನೊಂದು ಹಿಡಿಯ ಮೇಲೆ ಕೈ ಇಟ್ಟರು. ಇಬ್ಬರೂ ತಳ್ಳಿಕೊಂಡು ಬೇವಿನ ಕಟ್ಟೆಗೆ ಬಂದೆವು.

ಹತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಜನ ಆಗಲೇ ಬೀದಿಯಲ್ಲಿ ನಿಂತಿದ್ದರು, ಹೆಬ್ಬೆರಳು ಮೇಲೆತ್ತಿಕೊಂಡು, ಕೈತುಂಬ ದೀಪ ಹಿಡಿದವರ ಹಾಗೆ. ನಾನು ಗಾಡಿಯನ್ನು ಬೀದಿಗೆ ಮುಖ ಮಾಡಿ ನಿಲ್ಲಿಸಿದೆ. ಪೆಟ್ಟಿಗೆಯ ಸದ್ದಿಗೆ ಅಭ್ಯಾಸಬಲದಿಂದ ಎಲ್ಲರೂ ಬೆನ್ನು ತಿರುಗಿಸಿದರು. ಅಷ್ಟು ಬೆನ್ನುಗಳನ್ನು ಒಟ್ಟಿಗೆ ನಾನು ಎಂದೂ ನೋಡಿರಲಿಲ್ಲ.

"ಗಿರಣಿ ಶಂಕ್ರೆಪ್ಪ," ಅಂತ ಗಟ್ಟಿಯಾಗಿ ಓದಿದೆ. "ಪಾಸ್‌ವರ್ಡು ಎಮ್ಮಿರಾ..." ಅಲ್ಲಿಗೆ ನಿಲ್ಲಿಸಿದೆ.

ಶಂಕ್ರೆಪ್ಪ ಗಿರಕ್ಕನೆ ತಿರುಗಿದ. "ಏ, ಏನಂದಿ?"

"ಬಳೆ ಬೀಬಿಜಾನ್. ಹಸರಗಾ..."

"ಯಾ ಅಲ್ಲಾ!" ಚಾಚಿ ಫೋನನ್ನು ಸೆರಗಿನೊಳಗೆ ತುರುಕಿದಳು.

ಒಬ್ಬೊಬ್ಬರ ಹೆಸರೂ ಓದಿದೆ. ಪಾಸ್‌ವರ್ಡನ್ನು ಅರ್ಧಕ್ಕೇ ನುಂಗಿದೆ. ಉಳಿದರ್ಧ ಅವರವರ ಮುಖದ ಮೇಲೆ ಬರುತ್ತಿತ್ತು. ಅಂಗಿಯ ತುಂಬ ಇದ್ದ ಬೇರೆ ಮಾತುಗಳನ್ನು, ಪ್ರೀತಿಯದನ್ನು, ಜ್ವರದ್ದನ್ನು, ಮುಟ್ಟಲಿಲ್ಲ. ಕೊನೆಗೆ ಜೇಬಿನ ಮೇಲಿನದನ್ನು ಪೂರ್ತಿ ಓದಿದೆ, ‘ಮನೆಗಳನ್ನು ನಮ್ಮ ಹೆಸರಿಗೆ ತಿರುಗಿಸಿ’ ಅನ್ನುವವರೆಗೆ. ಎತ್ತಿದ ಹೆಬ್ಬೆರಳುಗಳು ಒಂದೊಂದಾಗಿ ಮುಷ್ಟಿಯೊಳಗೆ ಹೋದವು.

"ಫೋನಿನ್ಯಾಗಿಂದ ದಪ್ಪ ಗಾಳಿ ಅಳಸ್ರಿ," ಅಂದರು ಅಕ್ಕೋರು. "ಮತ್ತ ತಾನಾಗೇ ಹತ್ತಿಕೊಳ್ಳಲಾರದಂಗ ಅಳಸ್ರಿ. ಈಗಿಂದೀಗ ಹಳ್ಳದ ದಾರಿ ಹಿಡೀರಿ. ಗಾಜಿನ ಕೋಣ್ಯಾಗ ಪಾಸ್‌ವರ್ಡ್ ಬದಲ ಮಾಡಿ, ಅಲ್ಲೇ ಹೆಬ್ಬೆಟ್ಟು ಒತ್ತಿ ಬರ್ರಿ. ಐದರ ತನಕಾ ಟೈಮ್ ಐತಿ."

ಹುಣಸೆಯ ಎಲೆ ಅಲುಗಿತು. ನಾಯಿಗಳು ಮೂತಿ ಎತ್ತಿದವು. ಹಳೆಯ ಊರಗಾಳಿ ಇಳಿಯುತ್ತಿತ್ತು, ಎರಡೇ ಕಡ್ಡಿ. ಯಾರೂ ಅದರಲ್ಲಿ ನಿಲ್ಲಲಿಲ್ಲ. ಊರಿಗೆ ಊರೇ ಸಾಲು ಹಿಡಿದು ಹಳ್ಳದ ಕಡೆ ನಡೆಯಿತು, ಅಕ್ಕೋರು ಚಾಚಿಯ ತೋಳು ಹಿಡಿದುಕೊಂಡು. ಲಾಡ್ಜಿನ ಮನುಷ್ಯ ಹತ್ತೂಕಾಲಿನ ಬಸ್ಸಿಗೆ ಬನಿಯನ್ನಿನಲ್ಲೇ ಹತ್ತಿದ್ದನ್ನು ನಾನೊಬ್ಬನೇ ನೋಡಿದೆ. ತನ್ನ ಅಂಗಿ ಕೇಳಲು ಅವನು ಬರಲಿಲ್ಲ.

ಶಂಕ್ರೆಪ್ಪ ಮಾತ್ರ ಸಾಲಿನಿಂದ ಹಿಂದಕ್ಕೆ ಬಂದು ನನ್ನೆದುರು ನಿಂತ. "ಎಷ್ಟ ದಿನದಿಂದ ಓದಾಕತ್ತೀಯೋ ಮಗನ?"

"ಭಾಳ ದಿನ ಆತ್ರಿ."

"ಎಮ್ಮಿದೂ?"

"ಎಮ್ಮಿದೂ ಓದೀನ್ರಿ."

ಮನೆಗಳು ಉಳಿದವು. ನನ್ನ ಗಾಡಿಗೆ ಮರುದಿನದಿಂದ ಒಂದು ಕರವಸ್ತ್ರವೂ ಬರಲಿಲ್ಲ. ಅಂದುಕೊಂಡಿದ್ದೇ. ಊರು ಮುದುಡಿದ ಬಟ್ಟೆ ತೊಟ್ಟು ಓಡಾಡತೊಡಗಿತು. ಮದುಮಗ ಮುದುಡಿದ ಧೋತರದಲ್ಲಿ ಹಸೆಗೆ ಕೂತ. ದಿನಕ್ಕೆರಡು ಸಲ ಗಾಳಿ ಬಂದಾಗ ಅವರೆಲ್ಲ ಒಣಗಿದ ಎಲೆಗಳ ರಾಶಿಯಂತೆ ಸರಸರ ಅನ್ನುತ್ತಿದ್ದರು. ನಾನು ಪೆಟ್ಟಿಗೆಯಲ್ಲಿ ಕೆಂಡ ತುಂಬಿಕೊಂಡು, ಬೀದಿಗೆ ಮುಖ ಮಾಡಿಯೇ ಕೂತಿರುತ್ತಿದ್ದೆ. ಯಾರಾದರೂ ನೋಡಿದರೆ ನೋಡುತ್ತಿದ್ದೆ. ಗೋಡೆಗೆ ಮತ್ತೆ ತಿರುಗುವುದಿಲ್ಲ ಅಂತ ಹಟ.

ಇಪ್ಪತ್ತನೆಯ ದಿನ ಬೆಳಿಗ್ಗೆ ಹತ್ತಕ್ಕೆ ಅಕ್ಕೋರು ತಮ್ಮ ಅಂಗಳದಲ್ಲಿ ಒದ್ದೆ ಸೀರೆಯ ಪಕ್ಕ ನಿಂತು, ಫೋನು ಮೂಗಿಗೆ ಹಚ್ಚಿಕೊಂಡು, ಊರಗಾಳಿಯಲ್ಲಿ ಏನನ್ನೋ ಬರೆದದ್ದು ನನಗೆ ದೂರದಿಂದ ಕಂಡಿತು. ಜೀವಮಾನವೆಲ್ಲ ಈ ಹಳೆಯ ಗಾಳಿಗೆ ಒಂದಕ್ಷರ ಕೊಡದ ಹೆಂಗಸು. ಹನ್ನೊಂದಕ್ಕೆ ಆ ಸೀರೆಯನ್ನು ತಂದು ಗಾಡಿಯ ಮೇಲಿಟ್ಟರು. ಬಿಳಿ ಹತ್ತಿಯದು, ಹಸಿರು ಅಂಚು. ಬೆನ್ನು ಹಾಕಲಿಲ್ಲ. ಆಚೆ ನೀರು ತರುವವರು, ಗಿರಣಿಗೆ ಹೋಗುವವರು ನಿಂತು ನೋಡತೊಡಗಿದರು.

ಪೆಟ್ಟಿಗೆ ಎಳೆದೆ. ಹಬೆಯ ಜೊತೆ ದೊಡ್ಡ ದೊಡ್ಡ ಅಕ್ಷರಗಳು ಎದ್ದವು. ಯಾರು ಬೇಕಾದರೂ ಓದಬಹುದಾದಷ್ಟು ದೊಡ್ಡವು.

‘ಮಾಚಾ, ನಿನ್ನ ಓದು ಬಿಡಿಸಿದ್ದು ನಾನು. ಈಗ ನನಗೆ ಕಣ್ಣು ಕಾಣುವುದಿಲ್ಲ. ದಿನಾ ಬಂದು ಓದಿ ಹೇಳು. ನವಿಲಿನಿಂದ ಶುರು ಮಾಡು.’

ನನ್ನ ಕೈ ನಿಂತುಹೋಯಿತು. ಬಿಸಿ ಆರಿದರೆ ಇದೂ ಹೋಗುತ್ತದೆ, ನಾಳೆ ಇವರು ಇದನ್ನು ಬರೆದೇ ಇಲ್ಲ ಅಂದರೆ ಯಾರು ಕೇಳುತ್ತಾರೆ ಅಂತ ಒಂದು ಮನಸ್ಸು ಕೂಗುತ್ತಿತ್ತು. ಪೆಟ್ಟಿಗೆ ಎತ್ತಲಿಲ್ಲ. ಸುಟ್ಟ ವಾಸನೆ ಎದ್ದಿತು.

"ಸೀರಿ ಸುಡಾಕತ್ತೈತಿ ಮಾಚಾ," ಅಂದರು ಅಕ್ಕೋರು.

"ಗೊತ್ತೈತ್ರಿ."

ಸಾಲಿನುದ್ದಕ್ಕೂ ಪೆಟ್ಟಿಗೆಯನ್ನು ನಿಧಾನವಾಗಿ ಇಟ್ಟು ಇಟ್ಟು ಎತ್ತಿದೆ, ಕೊನೆಯ ಅಕ್ಷರದವರೆಗೆ. ಅಕ್ಷರಗಳ ನೀಲಿ ಹೋಗಿ ಕಂದು ಉಳಿಯಿತು. ಸೀರೆ ಕೆಟ್ಟಿತು. ಅಕ್ಕೋರು ಅದನ್ನು ಬಿಡಿಸಿ, ಸುಟ್ಟ ಗುರುತಿನ ಮೇಲೆ ಬೆರಳಾಡಿಸಿ, ಮಡಚಿ ಹೆಗಲಿಗೆ ಹಾಕಿಕೊಂಡು ಹೋದರು. ಈಗಲೂ ಅದನ್ನೇ ಉಡುತ್ತಾರೆ. ಎಷ್ಟು ಸಲ ಒಗೆದರೂ ಹೋಗಿಲ್ಲ, ಬೀದಿಯಲ್ಲಿ ಓದು ಬಂದವರೆಲ್ಲ ಓದಬಹುದು.